ಹಳೇ ಶೆವಿ 350ಗೆ ಹೊಸ ಹೆಡ್: ಎಎಫ್ಆರ್ 180 ಯಾಕೆ ತಗೊಂಡೆ, 195 ಯಾಕೆ ಬಿಟ್ಟೆ

ಮೊದ್ಲು ತೀರ್ಪು ಹೇಳ್ಬಿಡ್ತೀನಿ, ಕಾರಣ ಆಮೇಲೆ. ಶೆವಿ (ಶೆವ್ರೊಲೆಟ್) ಸ್ಮಾಲ್ ಬ್ಲಾಕ್ 350, ಅಂದ್ರೆ 350 ಘನ ಇಂಚಿನ ವಿ8 ಇಂಜಿನ್, ರಸ್ತೆ ಮೇಲೆ ಓಡಿಸೋ ಗಾಡಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಹಿಂದೆ 3.08 ಅನುಪಾತದ ಆಕ್ಸಲ್, 5500 ಆರ್‌ಪಿಎಂ ದಾಟೋ ಸಂದರ್ಭವೇ ಅಪರೂಪ ಅನ್ನೋ ಥರ ಬಳಕೆ ಇದ್ರೆ, ಇನ್‌ಟೇಕ್ ರನ್ನರ್ (ಗಾಳಿ ಒಳಗೆ ಹೋಗೋ ದಾರಿ) 170ರಿಂದ 180 ಸಿಸಿ ಒಳಗಿರೋ ಸಿಲಿಂಡರ್ ಹೆಡ್ಡನ್ನೇ (ಬ್ಲಾಕಿನ ಮೇಲೆ ಕೂರೋ, ವಾಲ್ವುಗಳಿರೋ ಭಾಗ) ತಗೊಳ್ಳಿ. ನಾನು ತಗೊಂಡಿದ್ದು ಎಎಫ್ಆರ್ ಕಂಪನಿಯ 180 ಸಿಸಿ ಅಲ್ಯುಮಿನಿಯಂ ಹೆಡ್ಡು, ಚೇಂಬರ್ (ಪೆಟ್ರೋಲು ಉರಿಯೋ ಗುಳಿ) 65 ಸಿಸಿದು. ಅದಕ್ಕಿಂತ ದೊಡ್ಡದು ತಗೊಳ್ಳಿ, ಮುಂದೆ ಉಪಯೋಗಕ್ಕೆ ಬರತ್ತೆ ಅಂತ ಹೇಳೋರು ತುಂಬ ಜನ ಸಿಗ್ತಾರೆ, ಅವರ ಮಾತು ಈ ಗಾಡಿ ಮಟ್ಟಿಗೆ ತಪ್ಪು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಗಾಡಿ 1973ರ ನೋವಾ. ಬ್ಲಾಕ್ ಹಿಂದೇನೇ 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಬೋರ್ ಆಗಿತ್ತು, ಅಂದ್ರೆ 4.030 ಇಂಚು ಬೋರ್ (ಸಿಲಿಂಡರಿನ ಅಗಲ), 3.48 ಇಂಚು ಸ್ಟ್ರೋಕ್ (ಪಿಸ್ಟನ್ ಓಡೋ ದೂರ), ಪಿಸ್ಟನ್ನು ನಾಲ್ಕು ವಾಲ್ವ್ ರಿಲೀಫ್ (ವಾಲ್ವಿಗೆ ಜಾಗ ಬಿಡೋ ಗುಳಿ) ಇರೋ ಫ್ಲಾಟ್ ಟಾಪ್. ಕೆಳಗಿನ ಭಾಗ ಎಲ್ಲ ಚೆನ್ನಾಗಿದೆ, ಆಯಿಲ್ ಪ್ರೆಷರ್ ಚೆನ್ನಾಗಿದೆ, ತೊಂದ್ರೆ ಇದ್ದಿದ್ದೆಲ್ಲ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ, ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಓಡಾಡೋ ಕೊಳವೆ) ಸವೆದಿರೋದಕ್ಕೆ ಅದೇ ಗುರುತು, ಜೊತೆಗೆ ಎಕ್ಸಾಸ್ಟ್ ವಾಲ್ವ್ ಎರಡು ಸೀಟಿನ ಒಳಗೆ ಇಳಿದುಬಿಟ್ಟಿದ್ವು. ಆ ಕಾಲದಲ್ಲಿ ಪೆಟ್ರೋಲಿನಲ್ಲಿದ್ದ ಸೀಸ ಎಕ್ಸಾಸ್ಟ್ ಸೀಟಿನ ಮೇಲೆ ಒಂದು ಪದರ ಕಟ್ಟಿ ಕಾಪಾಡ್ತಿತ್ತು, ಸೀಸ ತೆಗೆದ ಮೇಲೆ ಮೆತ್ತನೆ ಎರಕದ ಸೀಟು ವಾಲ್ವಿನ ಏಟಿಗೆ ತಿಂದುಹೋಗತ್ತೆ. 70ರ ದಶಕದ ಶುರುವಿನಿಂದ ಕಂಪನಿಯವ್ರೇ ಸೀಟನ್ನ ಇಂಡಕ್ಷನ್ ಹಾರ್ಡನಿಂಗ್ ಮಾಡಿ ಕೊಡೋಕೆ ಶುರು ಮಾಡಿದ್ರು ನಿಜ, ಆದ್ರೆ ಆ ಗಟ್ಟಿ ಪದರ ತೆಳು, ಹಿಂದೆ ಯಾರಾದ್ರೂ ವಾಲ್ವ್ ಕೆಲಸ ಮಾಡಿಸಿ ಸೀಟ್ ಗ್ರೈಂಡ್ ಮಾಡಿದ್ರೆ ಅಲ್ಲಿಗೆ ಅದು ಮುಗೀತು.

ಹಳೇ ಹೆಡ್ಡನ್ನೇ ಉಳಿಸ್ಕೊಳ್ಳೋಣ ಅಂತಾನೇ ಮೊದ್ಲು ಮಷೀನ್ ಶಾಪಿಗೆ ಕೊಟ್ಟಿದ್ದು. ಅಲ್ಲಿ ಮ್ಯಾಗ್ನಾಫ್ಲಕ್ಸ್ ಮಾಡೋದು ನೋಡೋಕೆ ಸಿಕ್ತು, ಹೆಡ್ ಮೇಲೆ ಆಯಸ್ಕಾಂತ ಇಟ್ಟು ಕಬ್ಬಿಣದ ಸಣ್ಣ ಪುಡಿ ಉದುರಿಸ್ತಾರೆ, ಬಿರುಕು ಇಲ್ಲದ ಕಡೆ ಪುಡಿ ಸುಮ್ನೆ ಹರಡ್ಕೊಂಡಿರತ್ತೆ, ಬಿರುಕಿರೋ ಕಡೆ ಗೆರೆ ಎಳೆದ ಹಾಗೆ ಸಾಲಾಗಿ ನಿಂತ್ಕೊಳ್ಳತ್ತೆ. ನನ್ನ ಹೆಡ್ಡಲ್ಲಿ ಇನ್‌ಟೇಕ್ ಸೀಟಿಂದ ಎಕ್ಸಾಸ್ಟ್ ಸೀಟಿನವರೆಗೂ ಆ ಗೆರೆ ನಿಂತಿತ್ತು. 70ರ ದಶಕದ ತೆಳು ಎರಕದ ಹೆಡ್ಡುಗಳಲ್ಲಿ ಇದು ಹೊಸದಲ್ಲ, 882 ಅನ್ನೋ ಕಾಸ್ಟಿಂಗ್ ನಂಬರಂತೂ ಬಿರುಕಿಗೇ ಹೆಸರುವಾಸಿ. ಬಿರುಕು ಇಲ್ದೇ ಇದ್ದಿದ್ರೂ ಗೈಡು, ಎಕ್ಸಾಸ್ಟಿಗೆ ಗಟ್ಟಿ ಸೀಟು, ಹೊಸ ವಾಲ್ವು, ಸ್ಪ್ರಿಂಗು, ಮೇಲ್ಮೈ ಮಿಲ್ಲಿಂಗು ಅಂತ ಎಲ್ಲ ಕೂಡಿಸಿದ್ರೆ ಖರ್ಚು ಹೊಸ ಕಬ್ಬಿಣದ ಹೆಡ್ಡಿನ ಹತ್ತಿರಕ್ಕೇ ಬರತ್ತೆ, ಅಷ್ಟೆಲ್ಲ ಮಾಡಿ ಕೊನೆಗೆ ಕೈಗೆ ಬರೋದು ಅದೇ 76 ಸಿಸಿ ಚೇಂಬರಿನ, ಉಸಿರು ಕಟ್ಟೋ ಸ್ಮಾಗ್ ಹೆಡ್ಡು (ಮಾಲಿನ್ಯ ನಿಯಮದ ಕಾಲದ್ದು). ಗಾಡಿ ಪೂರ್ತಿ ಒರಿಜಿನಲ್ ನಂಬರಲ್ಲೇ ಇರ್ಬೇಕು ಅನ್ನೋರು ಮಾತ್ರ ಆ ಖರ್ಚು ಮಾಡ್ಬೇಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹೆಡ್ ನೋಡೋವಾಗ ಎಲ್ಲರ ಕಣ್ಣು ಮೊದ್ಲು ಹೋಗೋದು ಫ್ಲೋ ನಂಬರಿಗೆ, ಅದ್ರಲ್ಲೂ ದೊಡ್ಡ ಅಕ್ಷರದಲ್ಲಿ ಹಾಕಿರೋ ಕೊನೇ ನಂಬರಿಗೆ, 0.600 ಲಿಫ್ಟಲ್ಲಿ (ವಾಲ್ವು 0.600 ಇಂಚು ಎದ್ದಾಗ) ಇಷ್ಟು ಸಿಎಫ್ಎಂ (ನಿಮಿಷಕ್ಕೆ ಹೋಗೋ ಗಾಳಿ, ಘನ ಅಡಿಯಲ್ಲಿ) ಅಂತ. ನಿಮ್ಮ ಕ್ಯಾಮಿನ (ವಾಲ್ವನ್ನ ಎತ್ತೋ ಶಾಫ್ಟು) ಲಿಫ್ಟೇ 0.460 ಇದ್ರೆ 0.600ರಲ್ಲಿ ಎಷ್ಟು ಗಾಳಿ ಹೋಗತ್ತೆ ಅನ್ನೋದು ನಿಮಗೆ ಯಾಕೆ? ವಾಲ್ವು ಅಲ್ಲಿಗೆ ಹೋಗೋದೇ ಇಲ್ಲ. ನೋಡ್ಬೇಕಾಗಿರೋದು 0.200, 0.300, 0.400 ಸಾಲು. ವಾಲ್ವು ತೆರೆಯುವಾಗ ಒಂದ್ಸಲ, ಮುಚ್ಚುವಾಗ ಇನ್ನೊಂದ್ಸಲ ಆ ಎತ್ತರಗಳನ್ನ ದಾಟತ್ತೆ, ತುತ್ತತುದಿಗೆ ಮುಟ್ಟೋದು ಒಂದೇ ಸಲ, ಅದೂ ಕ್ಷಣ ಮಾತ್ರ. ಹಾಗಾಗಿ ಮಧ್ಯದ ಲಿಫ್ಟಲ್ಲಿ ಚೆನ್ನಾಗಿ ಗಾಳಿ ಬಿಡೋ ಹೆಡ್ಡೇ ರಸ್ತೆ ಗಾಡಿಗೆ ಬೇಕಾದ ಹೆಡ್ಡು. ಇನ್ನೊಂದು, ಒಂದು ಕಂಪನಿಯ ನಂಬರನ್ನ ಇನ್ನೊಂದು ಕಂಪನಿಯ ನಂಬರಿನ ಪಕ್ಕ ಇಟ್ಟು ಐದೋ ಆರೋ ಸಿಎಫ್ಎಂ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ. ಸಾಮಾನ್ಯವಾಗಿ ಎಲ್ಲರೂ 28 ಇಂಚು ನೀರಿನ ಒತ್ತಡದಲ್ಲೇ ಅಳೀತಾರೆ, ಆದ್ರೂ ಬೆಂಚ್ ಬೇರೆ, ಕೆಳಗಿಟ್ಟ ಬೋರಿನ ಅಳತೆ ಬೇರೆ, ಎಕ್ಸಾಸ್ಟಿಗೆ ಪೈಪ್ ತುಂಡು ಹಾಕಿ ಅಳೆದ್ರಾ ಇಲ್ವಾ ಅನ್ನೋದು ಬೇರೆ.

ರನ್ನರ್ ಸೈಜ್ ಯಾಕೆ ಅಷ್ಟು ಮುಖ್ಯ ಅಂದ್ರೆ, 350 ಇಂಜಿನ್ 5500ರಲ್ಲಿ 85 ಪರ್ಸೆಂಟ್ ತುಂಬ್ಕೊಳ್ಳತ್ತೆ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ ಇಡೀ ಇಂಜಿನ್ ಎಳ್ಕೊಳ್ಳೋದು ಸುಮಾರು 470 ಸಿಎಫ್ಎಂ. ಅದಕ್ಕೇ 600ರ ಕಾರ್ಬ್ಯುರೇಟರ್ ಇದಕ್ಕೆ ಸಾಕಾಗಿ ಉಳಿಯೋದು. ಆದ್ರೆ ದಿನಾ ಗಾಡಿ ಓಡೋದು 1500ರಿಂದ 3500 ಆರ್‌ಪಿಎಂ ಒಳಗೆ, ಅಲ್ಲಿ ಎಳ್ಕೊಳ್ಳೋ ಗಾಳಿ ಇನ್ನೂ ಕಡಿಮೆ. ಅಷ್ಟು ಕಡಿಮೆ ಗಾಳಿಗೆ 210 ಸಿಸಿ ದಾರಿ ಮಾಡ್ಕೊಟ್ರೆ ಅದು ನಿಧಾನಕ್ಕೆ ಹೋಗತ್ತೆ, ವೇಗ ಇಲ್ದೇ ಇದ್ರೆ ಪೆಟ್ರೋಲು ಹನಿ ಹನಿಯಾಗಿ ಗೋಡೆಗೆ ಅಂಟತ್ತೆ, ಪಿಸ್ಟನ್ ಮೇಲಕ್ಕೆ ಬರೋಕೆ ಶುರು ಮಾಡಿದ ಮೇಲೂ ಸಿಲಿಂಡರ್ ಒಳಗೆ ನುಗ್ತಾ ಇರೋ ಶಕ್ತಿ ಗಾಳಿಗೆ ಇರಲ್ಲ. ಸಿಗ್ನಲ್ ಬಿಟ್ಟ ಮೇಲೆ ಕಾಲು ಒತ್ತಿದ್ರೆ ಗಾಡಿ ಒಂದು ಕ್ಷಣ ಯೋಚನೆ ಮಾಡತ್ತಲ್ಲ, ದೊಡ್ಡ ಪೋರ್ಟಿನ ಹೆಡ್ಡು ಹಾಕಿಸ್ಕೊಂಡೋರೆಲ್ಲ ಕಾರ್ಬ್ಯುರೇಟರನ್ನ ಬೈಯೋದು ಅದಕ್ಕೇನೇ. 195 ಸಿಸಿ ಕೆಟ್ಟದಲ್ಲ, ಸ್ವಲ್ಪ ದೊಡ್ಡ ಕ್ಯಾಮ್, 3.55 ಅಥವಾ 3.73 ಆಕ್ಸಲ್, ಇಲ್ಲಾ 383 ಸ್ಟ್ರೋಕರ್ (ಸ್ಟ್ರೋಕ್ ಉದ್ದ ಮಾಡಿ 383 ಘನ ಇಂಚಿಗೆ ಏರಿಸೋದು) ಮಾಡೋ ಪ್ಲಾನ್ ಗಟ್ಟಿಯಾಗಿದ್ರೆ ಅದು ಸರಿ. ಪ್ಲಾನ್ ಇನ್ನೂ ಮನಸ್ಸಲ್ಲೇ ಇದ್ರೆ 180 ಸಾಕು.

ನಾನು ನೋಡಿದ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಡೋದು ಜಿಎಂನದೇ ವೋರ್ಟೆಕ್ ಹೆಡ್ಡು. 1996ರಿಂದ ಟ್ರಕ್ಕು ವ್ಯಾನುಗಳ ಎಲ್31 350ಯಲ್ಲಿ ಬಂದಿದ್ದು, ಕಾಸ್ಟಿಂಗ್ ನಂಬರ್ ಕೊನೇಲಿ 906 ಅಥವಾ 062 ಇರತ್ತೆ. ಚೇಂಬರ್ 64 ಸಿಸಿ, ಹೃದಯದ ಆಕಾರದ್ದು, ಉರಿ ಬೇಗ ಹರಡತ್ತೆ, ರನ್ನರ್ 170 ಸಿಸಿ, ವಾಲ್ವ್ 1.94 ಮತ್ತು 1.50. ಇಷ್ಟು ಸಣ್ಣ ವಾಲ್ವ್ ಇಟ್ಕೊಂಡೂ ಅದು 60ರ ದಶಕದ ಹಳೇ ಡಬಲ್ ಹಂಪ್ ಹೆಡ್ಡುಗಳನ್ನ ಹಿಂದೆ ಹಾಕತ್ತೆ ಅಂದ್ರೆ ಪೋರ್ಟಿನ ಆಕಾರ ಅಷ್ಟು ಚೆನ್ನಾಗಿದೆ ಅಂತ ಅರ್ಥ, ಅದನ್ನ ಬರೆದ ಇಂಜಿನಿಯರ್‌ಗಳ ಮೇಲೆ ನನಗೆ ನಿಜವಾಗ್ಲೂ ಗೌರವ ಇದೆ. ಆದ್ರೆ ಹಳೇ ಇಂಜಿನ್ನಿಗೆ ಹಾಕೋವಾಗ ಜೊತೆಗೆ ಏನೇನು ಬೇಕು ಅಂತ ಮೊದ್ಲೇ ಕೂಡಿಸ್ಕೊಳ್ಳಿ. ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರಲ್ಲ, ಹಳೇದಕ್ಕೆ ಬೋಲ್ಟು ಹನ್ನೆರಡು, ವೋರ್ಟೆಕ್‌ಗೆ ಎಂಟು, ಅದೂ ನೇರ ಕೆಳಮುಖವಾಗಿ ಕೂರೋದು, ಪೋರ್ಟೂ ಎತ್ತರ, ಸೋ ಹೊಸ ಮ್ಯಾನಿಫೋಲ್ಡ್ ಆಗ್ಲೇಬೇಕು. ವಾಲ್ವ್ ಕವರ್ ಮಧ್ಯದ ಬೋಲ್ಟಿನದು ಬೇಕು. ರಾಕರ್ (ವಾಲ್ವನ್ನ ಒತ್ತೋ ಸನ್ನೆ) ಸೆಲ್ಫ್ ಗೈಡೆಡ್, ಅಂದ್ರೆ ವಾಲ್ವಿನ ತುದಿಯನ್ನ ತಾನೇ ಹಿಡ್ಕೊಳ್ಳೋದು ಬೇಕು, ಹಳೇ ರಾಕರ್ ಹಾಕಿದ್ರೆ ವಾಲ್ವಿನ ತುದಿಯಿಂದ ಜಾರತ್ತೆ. ಇನ್‌ಟೇಕ್ ಅಡಿಯಲ್ಲಿ ಬಿಸಿ ಎಕ್ಸಾಸ್ಟ್ ಹಾಯೋ ಕ್ರಾಸೋವರ್ ದಾರಿ ಇಲ್ಲ, ಚಳಿಗಾಲದ ಬೆಳಿಗ್ಗೆ ಕಾರ್ಬ್ಯುರೇಟರ್ ಬಿಸಿಯಾಗೋಕೆ ಹೊತ್ತು ಹಿಡಿಯತ್ತೆ. ಎಲ್ಲಕ್ಕಿಂತ ದೊಡ್ಡದು, ಕಂಪನಿ ಸ್ಪ್ರಿಂಗು ಮತ್ತು ಗೈಡ್ ಇದ್ದ ಹಾಗೇ ಇದ್ರೆ ಸುಮಾರು 0.460 - 0.470 ಲಿಫ್ಟ್ ದಾಟಿದ್ರೆ ರಿಟೇನರ್ (ಸ್ಪ್ರಿಂಗನ್ನ ಹಿಡ್ಕೊಳ್ಳೋ ತಟ್ಟೆ) ಹೋಗಿ ಗೈಡ್ ಸೀಲಿಗೆ ಬಡಿಯತ್ತೆ. ನನ್ನ ಕ್ಯಾಮ್ 0.462 ಇನ್‌ಟೇಕ್, 0.469 ಎಕ್ಸಾಸ್ಟ್. ಅಂಚಿನ ಮೇಲೇ ನಿಂತ್ಕೊಂಡ ಹಾಗೆ, ನಾಳೆ 1.6 ಅನುಪಾತದ ರಾಕರ್ ಹಾಕೋಣ ಅಂದ್ರೆ ಲಿಫ್ಟ್ 0.490 ದಾಟತ್ತೆ. ಅದಕ್ಕೆ ಗೈಡ್ ತಲೆ ಕತ್ತರಿಸಿ, ಸ್ಪ್ರಿಂಗ್ ಬದಲಾಯಿಸಿ ಕೆಲಸ ಮಾಡಿಸ್ಬೇಕು. ಹಳೇ ವೋರ್ಟೆಕ್ ಹೆಡ್ ತಗೊಳ್ಳೋರು ಬಿರುಕಿನ ಪರೀಕ್ಷೆ ಮಾಡಿಸದೇ ದುಡ್ಡು ಕೊಡಬೇಡಿ, ಬಿಸಿ ಹೆಚ್ಚಾಗಿದ್ದ ಟ್ರಕ್ಕಿಂದ ಬಂದಿದ್ರೆ ಸೀಟಿನ ಹತ್ತಿರ ಬಿರುಕು ಸಾಮಾನ್ಯ.

ಇಷ್ಟೆಲ್ಲ ಇದ್ರೂ ಮ್ಯಾನಿಫೋಲ್ಡ್ ಹೇಗೂ ತಗೋಬೇಕಾಗಿರೋರಿಗೆ, ಸಣ್ಣ ಕ್ಯಾಮ್ ಇರೋರಿಗೆ ನಾನು ಇವತ್ತಿಗೂ ವೋರ್ಟೆಕ್ಕೇ ಹೇಳೋದು. ನನ್ನ ಹತ್ರ ಚೆನ್ನಾಗಿರೋ ಹಳೇ ಬೋಲ್ಟ್ ಪ್ಯಾಟರ್ನಿನ ಅಲ್ಯುಮಿನಿಯಂ ಡುಯಲ್ ಪ್ಲೇನ್ ಮ್ಯಾನಿಫೋಲ್ಡ್ ಆಗ್ಲೇ ಇತ್ತು, ಲೆಕ್ಕ ಅಲ್ಲಿಗೆ ತಿರುಗ್ತು.

ಡಬಲ್ ಹಂಪ್ ಹೆಡ್ಡು, 461, 462 ಕಾಸ್ಟಿಂಗ್ ನಂಬರ್ ಅಂತ ಜನ ಹುಡುಕ್ತಾರಲ್ಲ, ನೋಡೋಕೆ ಚೆಂದ, 60ರ ದಶಕದ ಗಾಡಿಗೆ ಅದೇ ಇರ್ಬೇಕು ಅನ್ನೋದು ನನಗೆ ಅರ್ಥ ಆಗತ್ತೆ. ಆದ್ರೆ ಶಕ್ತಿಗೋಸ್ಕರ ಅದರ ಮೇಲೆ ದುಡ್ಡು ಹಾಕೋದು ಬೇಡ, ಸೀಟು ಗೈಡು ಎಲ್ಲ ಹೊಸದಾಗ್ಬೇಕು, ಮೇಲಾಗಿ 1969ಕ್ಕಿಂತ ಮುಂಚಿನ ಹೆಡ್ಡಲ್ಲಿ ಆಲ್ಟರ್ನೇಟರ್ ಬ್ರಾಕೆಟ್ಟಿಗೆ ತುದಿಯಲ್ಲಿ ಬೋಲ್ಟಿನ ತೂತೇ ಇರಲ್ಲ, ನಂತರದ ಗಾಡಿಗೆ ಹಾಕಿದ್ರೆ ಬ್ರಾಕೆಟ್ ಎಲ್ಲಿಗೆ ಕಟ್ಟೋದು ಅನ್ನೋ ಹೊಸ ತಲೆನೋವು. ಕಾರ್ವೆಟ್ಟಿನ ಎಲ್98 ಅಲ್ಯುಮಿನಿಯಂ ಹೆಡ್ಡು ಹಗುರ, ಚೇಂಬರ್ 58 ಸಿಸಿ. ನನ್ನ ಫ್ಲಾಟ್ ಟಾಪ್ ಪಿಸ್ಟನ್ನಿಗೆ ಅದು ಹಾಕಿದ್ರೆ ಕಂಪ್ರೆಷನ್ 10.3 ದಾಟತ್ತೆ, ಸಣ್ಣ ಕ್ಯಾಮ್ ಜೊತೆ ಅದು ನಾಕ್ ಹೊಡೆಯೋದಕ್ಕೆ (ಮಿಶ್ರಣ ತಾನಾಗೇ ಹೊತ್ಕೊಂಡು ಬಡಿಯೋದು) ದಾರಿ. ಡಿಶ್ ಪಿಸ್ಟನ್ ಇರೋರಿಗೆ ಅದೊಂದು ಒಳ್ಳೇ ದಾರಿ, ನನಗಲ್ಲ. 87ರ ನಂತರದ ಹೆಡ್ಡುಗಳಲ್ಲಿ ಇನ್‌ಟೇಕಿನ ಮಧ್ಯದ ಬೋಲ್ಟುಗಳ ಕೋನ ಬೇರೆ ಅನ್ನೋದನ್ನೂ ನೋಡ್ಕೊಳ್ಳಿ.

ಹೊಸ ಕಬ್ಬಿಣದ ಹೆಡ್ಡಲ್ಲಿ ಡಾರ್ಟ್ ಐರನ್ ಈಗಲ್ 165 ಮತ್ತು 180 ಸಿಸಿ, ವರ್ಲ್ಡ್ ಪ್ರಾಡಕ್ಟ್ಸ್ ಎಸ್ಆರ್ ಟಾರ್ಕರ್ 170 ಸಿಸಿ. ಎರಡೂ ದಪ್ಪ ಎರಕ, ಗಟ್ಟಿ ಎಕ್ಸಾಸ್ಟ್ ಸೀಟು, ಸ್ಕ್ರೂ ಇನ್ ಸ್ಟಡ್ಡು. ಬಣ್ಣ ಹೊಡೆದ್ರೆ ಹಳೇ ಹೆಡ್ ಥರಾನೇ ಕಾಣತ್ತೆ, ಒರಿಜಿನಲ್ ನೋಟ ಬೇಕಾದೋರಿಗೆ ಇವು ಸರಿ. ಅಲ್ಯುಮಿನಿಯಂನಲ್ಲಿ ಎಡೆಲ್‌ಬ್ರಾಕ್ ಪರ್ಫಾರ್ಮರ್ ಆರ್‌ಪಿಎಂ 170 ಸಿಸಿ ಹಳೇ ಕೈ, 2.02 ಮತ್ತು 1.60 ವಾಲ್ವ್, ಚೇಂಬರ್ 64 ಅಥವಾ 70 ಸಿಸಿ. ಅದೇ ಕಂಪನಿಯ ಇ-ಸ್ಟ್ರೀಟ್ 185 ಸಿಸಿ, ದುಡ್ಡು ಕಡಿಮೆ. ಎಡೆಲ್‌ಬ್ರಾಕ್ 170 ತಗೊಂಡಿದ್ರೂ ನನಗೆ ಬೇಜಾರಾಗ್ತಿರಲಿಲ್ಲ. ಎಎಫ್ಆರ್ ಕಡೆ ವಾಲಿದ್ದು ಮಧ್ಯದ ಲಿಫ್ಟಿನ ಫ್ಲೋ ನೋಡಿ, ಪೋರ್ಟು ಸಿಎನ್‌ಸಿ ಮಷೀನಲ್ಲಿ ಕೊರೆದಿರೋದ್ರಿಂದ ಎಂಟೂ ಒಂದೇ ಥರ ಇರತ್ತೆ ಅಂತ.

ಇಲ್ಲಿ ಒಂದು ಎಚ್ಚರಿಕೆ. ಹೆಸರಿಲ್ಲದ ಬಿಳಿ ಡಬ್ಬದಲ್ಲಿ ಅರ್ಧ ದುಡ್ಡಿಗೆ ಬರೋ ಅಲ್ಯುಮಿನಿಯಂ ಹೆಡ್ಡುಗಳಿವೆ. ಗೆಳೆಯನ ಗಾಡಿಗೆ ಅಂತ ಒಂದು ಜೊತೆ ಬಂದಾಗ ಇಬ್ರೂ ಕೂತು ಬಿಚ್ಚಿ ನೋಡಿದ್ವಿ. ಸ್ಪ್ರಿಂಗ್ ತೆಗೆದು ವಾಲ್ವ್ ಕೈಯಲ್ಲಿ ತಿರುಗಿಸಿದ್ರೆ ಎರಡು ವಾಲ್ವು ಗೈಡಲ್ಲಿ ಹಿಡೀತಿತ್ತು, ಇನ್ನೊಂದು ಅಲ್ಲಾಡ್ತಿತ್ತು, ಪೋರ್ಟಿನ ಮೂಲೇಲಿ ಮಷೀನಿಂಗ್ ಚೂರು ಎಣ್ಣೆ ಸಮೇತ ಅಂಟ್ಕೊಂಡೇ ಇತ್ತು, ಸೀಟಿಗೆ ಬಣ್ಣ ಹಚ್ಚಿ ವಾಲ್ವ್ ಒತ್ತಿದ್ರೆ ಸುತ್ತ ಪೂರ್ತಿ ಗುರುತು ಬರ್ಲಿಲ್ಲ. ಮಾರಿದವರಿಗೆ ಕೇಳಿದ್ರೆ ಇಂಜಿನ್ ಓಡ್ತಾ ಓಡ್ತಾ ಕೂತ್ಕೊಳ್ಳತ್ತೆ ಅಂದ್ರು. ಅದು ಕೂತ್ಕೊಳ್ಳಲ್ಲ, ಸುಟ್ಟುಹೋಗತ್ತೆ. ಕೊನೆಗೆ ಗೈಡು ಸೀಟು ಎಲ್ಲ ಮಷೀನ್ ಶಾಪಲ್ಲಿ ಮತ್ತೆ ಮಾಡಿಸಿದ ಮೇಲೆ ಉಳಿತಾಯ ಅಂತ ಏನೂ ಉಳೀಲಿಲ್ಲ. ಇದಾದ ಮೇಲೆ ನಾನು ಒಳ್ಳೇ ಹೆಸರಿರೋ ಹೆಡ್ ಬಂದ್ರೂ ಒಂದೆರಡು ವಾಲ್ವ್ ಬಿಚ್ಚಿ ನೋಡದೇ ಹಾಕಲ್ಲ. ಎಎಫ್ಆರ್ ಹೆಡ್ಡಲ್ಲಿ ವಾಲ್ವು ಬೆರಳ ತುದಿಯಲ್ಲೇ ಸಲೀಸಾಗಿ ತಿರುಗ್ತು, ಬಣ್ಣ ಹಚ್ಚಿದ್ರೆ ಸುತ್ತ ಒಂದೇ ಅಗಲದ ಗೆರೆ ಬಂತು.

ಕಂಪ್ರೆಷನ್ ಲೆಕ್ಕ ಮಾಡ್ದೇ ಹೆಡ್ ಆರ್ಡರ್ ಮಾಡೋದು ಶುದ್ಧ ದುಡ್ಡು ದಂಡ, ಅದಕ್ಕೇ ಲೆಕ್ಕ ಪೂರ್ತಿ ಕೊಡ್ತೀನಿ. 4.030 ಬೋರ್, 3.48 ಸ್ಟ್ರೋಕಿಗೆ ಒಂದು ಸಿಲಿಂಡರ್ 727 ಸಿಸಿ. ಪಿಸ್ಟನ್ ಮೇಲಿನ ರಿಲೀಫ್ 6 ಸಿಸಿ, ಪಿಸ್ಟನ್ನು ಡೆಕ್‌ಗಿಂತ (ಬ್ಲಾಕಿನ ಮೇಲ್ಮೈ) 0.025 ಇಂಚು ಕೆಳಗೆ ನಿಲ್ಲತ್ತೆ, ಅದು 5.2 ಸಿಸಿ, ಸಾಮಾನ್ಯ 0.039 ದಪ್ಪದ ಗ್ಯಾಸ್ಕೆಟ್ 8.4 ಸಿಸಿ. ಇದಕ್ಕೆ ಹಳೇ 76 ಸಿಸಿ ಚೇಂಬರ್ ಸೇರಿಸಿದ್ರೆ ಕಂಪ್ರೆಷನ್ 8.6. ಎಎಫ್ಆರ್ 75 ಸಿಸಿ ತಗೊಂಡ್ರೆ 8.7, ಅಂದ್ರೆ ಇಷ್ಟು ಖರ್ಚು ಮಾಡಿ ಕಂಪ್ರೆಷನ್ ಇದ್ದಲ್ಲೇ ಇರತ್ತೆ. 65 ಸಿಸಿಗೆ 9.6. ಅದೇ 12 ಸಿಸಿ ಡಿಶ್ ಪಿಸ್ಟನ್ ಇರೋ ಗಾಡಿಗೆ 65 ಸಿಸಿ ಹಾಕಿದ್ರೂ ಬರೋದು 9.0 ಮಾತ್ರ. ಒಂದೇ ಹೆಡ್ಡು ಎರಡು ಗಾಡಿಯಲ್ಲಿ ಬೇರೆ ಬೇರೆ ಥರ ನಡ್ಕೊಳ್ಳೋದು ಇದಕ್ಕೇ. ನಿಮ್ಮ ಪಿಸ್ಟನ್ ಯಾವುದು ಅಂತ ಗೊತ್ತಿಲ್ದೇ ಇದ್ರೆ ಹಳೇ ಹೆಡ್ ತೆಗೆಯೋವರೆಗೂ ಹೊಸದಕ್ಕೆ ದುಡ್ಡು ಕಟ್ಟಬೇಡಿ.

ಕ್ವೆಂಚ್ ಅನ್ನೋದನ್ನೂ ಇಲ್ಲೇ ನೋಡ್ಕೋಬೇಕು. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಚಪ್ಪಟೆ ಭಾಗಕ್ಕೂ ಅದಕ್ಕೂ ಉಳಿಯೋ ಸಂದು, ಅಲ್ಲಿರೋ ಮಿಶ್ರಣ ಹಿಸುಕಿ ಸ್ಪಾರ್ಕ್ ಕಡೆ ಚಿಮ್ಮತ್ತೆ, ಉರಿ ಬೇಗ ಹರಡತ್ತೆ, ನಾಕ್ ಕಡಿಮೆ ಆಗತ್ತೆ. 0.040ರಿಂದ 0.045 ಇಂಚು ಇದ್ರೆ ತುಂಬ ಒಳ್ಳೇದು. 0.025ಕ್ಕೆ 0.039 ಗ್ಯಾಸ್ಕೆಟ್ ಸೇರಿದ್ರೆ 0.064, ಜಾಸ್ತಿಯಾಯ್ತು. ಕಬ್ಬಿಣದ ಹೆಡ್ಡಾಗಿದ್ರೆ 0.015ರ ಸ್ಟೀಲ್ ಶಿಮ್ ಗ್ಯಾಸ್ಕೆಟ್ ಹಾಕಿ ಮುಗಿಸ್ಬಹುದಿತ್ತು, ಅಲ್ಯುಮಿನಿಯಂ ಹೆಡ್ಡಿಗೆ ಅದು ಬೇಡ, ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗತ್ತೆ, ಬಿಸಿಯಾದಾಗೆಲ್ಲ ಹೆಡ್ಡು ಬ್ಲಾಕಿನ ಮೇಲೆ ಜರುಗತ್ತೆ, ಶಿಮ್ ಅದನ್ನ ತಡ್ಕೊಳ್ಳಲ್ಲ. ನಾನು 0.028ರ ಕಾಂಪೋಸಿಟ್ ಗ್ಯಾಸ್ಕೆಟ್ ಹಾಕಿದೆ, ಕ್ವೆಂಚ್ 0.053, ಕಂಪ್ರೆಷನ್ 9.8ರ ಹತ್ತಿರ. ಬ್ಲಾಕ್ ಬಿಚ್ಚಿ ಡೆಕ್ ಮಿಲ್ ಮಾಡಿಸದೇ ಇದಕ್ಕಿಂತ ಮುಂದೆ ಹೋಗೋಕಾಗಲ್ಲ, ಆದ್ರೂ ಇದು ಸಾಕಷ್ಟು ಒಳ್ಳೇ ಜಾಗ. ಅಲ್ಯುಮಿನಿಯಂ ಬಿಸಿಯನ್ನ ಬೇಗ ಎಳ್ಕೊಂಡು ನೀರಿಗೆ ಬಿಡೋದ್ರಿಂದ ಪ್ರೀಮಿಯಂ ಪೆಟ್ರೋಲಲ್ಲಿ 9.8 ಆರಾಮ, ಕಬ್ಬಿಣದ ಹೆಡ್ಡಲ್ಲಿ ನಾನಾಗಿದ್ರೆ 9.3ಕ್ಕೇ ನಿಲ್ಲಿಸ್ತಿದ್ದೆ. ಚೇಂಬರ್ ಅಳತೆ ಕಂಪನಿ ಹೇಳಿದ್ದನ್ನೇ ನಂಬ್ಕೋಬೇಡಿ, ಅಕ್ರಿಲಿಕ್ ತುಂಡಿಗೆ ತೂತು ಕೊರೆದು, ಅಂಚಿಗೆ ಗ್ರೀಸ್ ಹಚ್ಚಿ ಚೇಂಬರ್ ಮೇಲೆ ಒತ್ತಿ, ಬ್ಯೂರೆಟಿಂದ ಬಣ್ಣದ ನೀರು ಬಿಟ್ಟು ನೋಡಿದ್ರೆ ಆಯ್ತು, ಸಂಜೆ ಕೆಲಸ ಅಷ್ಟೇ.

ಸ್ಪ್ರಿಂಗಿನ ವಿಷಯದಲ್ಲಿ ಆರ್ಡರ್ ಮಾಡೋವಾಗ್ಲೇ ಬಾಯಿಬಿಟ್ಟು ಕೇಳಿ. ಪೂರ್ತಿ ಜೋಡಿಸಿ ಬರೋ ಹೆಡ್ಡುಗಳಲ್ಲಿ ತುಂಬ ಕಡೆ ಹೈಡ್ರಾಲಿಕ್ ರೋಲರ್ ಕ್ಯಾಮಿಗೆ ಅಂತ ಗಟ್ಟಿ ಸ್ಪ್ರಿಂಗ್ ಹಾಕಿರ್ತಾರೆ. ಹಳೇ ಗಾಡಿಯ ಕ್ಯಾಮು ಫ್ಲಾಟ್ ಟ್ಯಾಪೆಟ್, ಲಿಫ್ಟರ್ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಹೋಗೋದು, ವಾಲ್ವ್ ಮುಚ್ಚಿದಾಗ ಸೀಟ್ ಮೇಲೆ 110ರಿಂದ 120 ಪೌಂಡ್ ಸಾಕು. ರೋಲರ್ ಸ್ಪ್ರಿಂಗ್ ಹಾಕಿ ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮನ್ನ ಬ್ರೇಕ್ ಇನ್ ಮಾಡೋಕೆ ಹೋದ್ರೆ ಲೋಬ್ ಸವೆದು, ಆ ಪುಡಿ ಆಯಿಲ್ ಜೊತೆ ಬೇರಿಂಗಿಗೆ ಹೋಗತ್ತೆ, ಮೇಲಿನ ಕೆಲಸ ಮಾಡೋಕೆ ಹೋಗಿ ಕೆಳಗಿನದೂ ಹಾಳು. ಹೊಸ ಕ್ಯಾಮ್ ಆಗಿದ್ರೆ ಜಿಂಕ್ ಜಾಸ್ತಿ ಇರೋ ಬ್ರೇಕ್ ಇನ್ ಆಯಿಲ್ ಹಾಕಿ, ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ, 20 ನಿಮಿಷಕ್ಕೂ ಹೆಚ್ಚು ಹೊತ್ತು ಐಡಲ್‌ಗೆ ಇಳಿಸ್ದೇ ಓಡಿಸ್ಬೇಕು.

ಆಮೇಲೆ ಪುಶ್‌ರಾಡ್, ಅಂದ್ರೆ ಕೆಳಗಿನ ಲಿಫ್ಟರಿಂದ ಮೇಲಿನ ರಾಕರನ್ನ ತಳ್ಳೋ ಕಡ್ಡಿ. ಹೆಡ್ ಬದಲಾದ್ರೆ ಪುಶ್‌ರಾಡ್ ಉದ್ದ ಅಳೀಲೇಬೇಕು, ಹಳೇದು 7.8 ಇಂಚು ಇತ್ತು, ಹೊಸದಕ್ಕೂ ಅದೇ ಆಗತ್ತೆ ಅಂತ ಅಂದ್ಕೊಂಡು ಮುಂದೆ ಹೋಗೋರು ತುಂಬ ಜನ. ವಾಲ್ವಿನ ತುದಿಗೆ ಕಪ್ಪು ಮಾರ್ಕರ್ ಹಚ್ಚಿ, ರಾಕರ್ ಕೂರಿಸಿ, ಇಂಜಿನ್ನನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಿ ನೋಡಿದ್ರೆ ರಾಕರ್ ತುದಿ ಉಜ್ಜಿದ ಕಡೆ ಬಣ್ಣ ಹೋಗಿ ಬೆಳ್ಳಿ ಪಟ್ಟಿ ಕಾಣತ್ತೆ. 7.8ರಲ್ಲಿ ನನಗೆ ಆ ಪಟ್ಟಿ ಅಗಲವಾಗಿ, ಒಂದು ಅಂಚಿಗೆ ಸರಿದು ಬಂತು. ಹಾಗೇ ಓಡಿಸಿದ್ರೆ ವಾಲ್ವನ್ನ ಪಕ್ಕಕ್ಕೆ ತಳ್ಳಿ ತಳ್ಳಿ ಹೊಸ ಗೈಡೂ ಸವೆಯತ್ತೆ. ಉದ್ದ ಬದಲಾಯಿಸೋಕಾಗೋ ಚೆಕಿಂಗ್ ಪುಶ್‌ರಾಡಲ್ಲಿ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದಾಗ 7.9ರಲ್ಲಿ ಪಟ್ಟಿ ಕಿರಿದಾಗಿ ನಡುವಿಗೆ ಬಂತು, ಆ ಉದ್ದದ್ದೇ ಹಾರ್ಡನ್ ಮಾಡಿರೋದು ತರಿಸ್ದೆ. ಹಾರ್ಡನ್ ಆಗಿರೋದೇ ಯಾಕೆ ಅಂದ್ರೆ ಈ ಹೆಡ್ಡಲ್ಲಿ ಗೈಡ್ ಪ್ಲೇಟ್ ಇದೆ, ಮೆತ್ತನೆ ಪುಶ್‌ರಾಡನ್ನ ಅದು ಗರಗಸದ ಹಾಗೆ ಕೊಯ್ಯತ್ತೆ. ಗೈಡ್ ಪ್ಲೇಟ್ ಇದ್ದಲ್ಲಿ ಸೆಲ್ಫ್ ಗೈಡೆಡ್ ರಾಕರ್ ಹಾಕ್ಲೇಬಾರದು, ಎರಡೂ ಒಂದಕ್ಕೊಂದು ಎದುರಾಗಿ ಎಳೀತವೆ.

ಕೂರಿಸೋ ಕೆಲಸದಲ್ಲಿ ಹೇಳ್ಬೇಕಾಗಿರೋದು ಸ್ವಲ್ಪ. ಒಂದೊಂದು ಹೆಡ್ಡಿಗೆ 17 ಬೋಲ್ಟ್, ಬೋಲ್ಟಿನ ತೂತು ನೀರಿನ ಜಾಕೆಟ್ಟಿಗೆ ತೆರ್ಕೊಂಡಿರೋದ್ರಿಂದ ಎಲ್ಲ ಬೋಲ್ಟಿನ ಥ್ರೆಡ್ಡಿಗೂ ಸೀಲರ್ ಹಚ್ಚಲೇಬೇಕು, ಇಲ್ಲಾಂದ್ರೆ ಬೋಲ್ಟ್ ಹತ್ಕೊಂಡು ಕೂಲಂಟ್ ಮೇಲೆ ಬರತ್ತೆ. ಅಲ್ಯುಮಿನಿಯಂ ಆದ್ರಿಂದ ಬೋಲ್ಟಿನ ತಲೆ ಕೆಳಗೆ ಗಟ್ಟಿ ವಾಷರ್. 65 ಅಡಿ-ಪೌಂಡನ್ನ ಮೂರು ಹಂತದಲ್ಲಿ ಏರಿಸಿ. ಸ್ಪಾರ್ಕ್ ಪ್ಲಗ್ ಹಳೇದು ನಡೆಯಲ್ಲ, ಇದಕ್ಕೆ ಮುಕ್ಕಾಲು ಇಂಚು ರೀಚಿಂದು ಬೇಕು. ಪ್ಲಗ್ ನೇರ ಬೇಕಾ ಓರೆ ಬೇಕಾ ಅನ್ನೋದನ್ನ ನಿಮ್ಮ ಹೆಡರ್ (ಹೆಡ್ಡಿಗೆ ಕೂರೋ ಎಕ್ಸಾಸ್ಟ್ ಪೈಪುಗಳು) ನೋಡಿ ಆರಿಸಿ, ಓರೆ ಪ್ಲಗ್ಗಿಗೆ ಕೆಲವು ಹೆಡರ್ ಪೈಪು ಅಡ್ಡ ಬರತ್ತೆ. ರೋಲರ್ ರಾಕರ್ ಹಾಕೋದಾದ್ರೆ ಹಳೇ ಗಿಡ್ಡ ವಾಲ್ವ್ ಕವರ್ ತಾಗತ್ತೆ, ಎತ್ತರದ್ದು ಇಟ್ಕೊಳ್ಳಿ. 283, 305 ಇರೋರು ಒಂದು ಮಾತು ಕೇಳಿ, 305ರ ಬೋರ್ 3.736 ಇಂಚು ಮಾತ್ರ, 2.02 ವಾಲ್ವು ಗೋಡೆಗೆ ತೀರಾ ಹತ್ತಿರ ಬರತ್ತೆ, 1.94 ಇರೋ ಹೆಡ್ಡೇ ನಿಮಗೆ ಸರಿ.

ಇನ್ನು ರಸ್ತೆ ಮೇಲಿನ ಮಾತು. ಕ್ಯಾಮ್ ಬದಲಾಯಿಸಿಲ್ಲ, ಅದೇ 218/224 ಡಿಗ್ರಿಯದು (ವಾಲ್ವ್ ತೆರೆದಿರೋ ಅವಧಿ), ಕಾರ್ಬ್ಯುರೇಟರ್ ಅದೇ 600, ಮ್ಯಾನಿಫೋಲ್ಡ್ ಅದೇ, ಹೆಡರೂ ಅದೇ. ಹೆಡ್ಡಿನ ಜೊತೆ ಹೊಸದಾಗಿ ಬಂದಿದ್ದು ಪುಶ್‌ರಾಡು, ರಾಕರು, ಗ್ಯಾಸ್ಕೆಟ್ಟು ಅಷ್ಟೇ, ಸೋ ವ್ಯತ್ಯಾಸ ಬಂದಿದ್ದೆಲ್ಲ ಹೆಡ್ಡು ಮತ್ತು ಕಂಪ್ರೆಷನ್ನಿಂದ್ಲೇ. ಮೊದ್ಲು ಗೊತ್ತಾಗಿದ್ದು ಕೆಳಗಿನ ಆರ್‌ಪಿಎಂನಲ್ಲಿ, 1800ರಲ್ಲಿ ಟಾಪ್ ಗೇರಲ್ಲಿ ಏರು ಬಂದ್ರೆ ಹಿಂದೆ ಗೇರ್‌ಬಾಕ್ಸ್ ಕೆಳಗಿಳೀತಿತ್ತು, ಈಗ ಅದೇ ಗೇರಲ್ಲಿ ಎಳ್ಕೊಂಡು ಹೋಗತ್ತೆ. 180 ಸಿಸಿ ತಗೊಂಡ್ರೆ ಕೆಳಗಡೆ ಸಪ್ಪೆಯಾಗತ್ತೆ ಅಂತ ಹೆದರಿಸಿದ್ದೋರೂ ಇದ್ರು, ಆಗಿದ್ದು ಪೂರ್ತಿ ಉಲ್ಟಾ. 3000ದಿಂದ 5000ದವರೆಗೆ ಹಳೇ ಹೆಡ್ಡಲ್ಲಿ ಸದ್ದು ಜಾಸ್ತಿ ಆಗ್ತಿತ್ತು, ವೇಗ ಅಷ್ಟು ಏರ್ತಿರಲಿಲ್ಲ, ಈಗ 5000 ದಾಟಿದ ಮೇಲೂ ಎಳೀತಾನೇ ಇರತ್ತೆ. ಸ್ಪಾರ್ಕ್ ಟೈಮಿಂಗ್ ಹಳೇದಕ್ಕೆ ಒಟ್ಟು 36 ಡಿಗ್ರಿ ಬೇಕಿತ್ತು, ಈಗ 34ರಲ್ಲೇ ಚೆನ್ನಾಗಿದೆ, ಚೇಂಬರಲ್ಲಿ ಉರಿ ಬೇಗ ಹರಡೋದಕ್ಕೆ ಅದೇ ಸಾಕ್ಷಿ. ಬೆಳಗಿನ ನೀಲಿ ಹೊಗೆ ನಿಂತೋಯ್ತು. ಎರಡೂ ಹೆಡ್ ಸೇರಿ ಮುಂದಿನ ಚಕ್ರದ ಮೇಲೆ 20 ಕೆಜಿ ಹತ್ತಿರ ಭಾರ ಕಡಿಮೆ ಆಗಿದೆ. ಅದಕ್ಕಿಂತ ಹೆಚ್ಚಾಗಿ ಒಬ್ಬನೇ ಹೆಡ್ಡನ್ನ ಫೆಂಡರ್ ಮೇಲಿಂದ ಬಗ್ಗಿ ಬ್ಲಾಕಿನ ಪಿನ್ನಿನ ಮೇಲೆ ನಿಧಾನಕ್ಕೆ ಇಳಿಸೋಕಾಯ್ತು, ಕಬ್ಬಿಣದ ಹೆಡ್ಡಲ್ಲಿ ಆ ಕೆಲಸ ಒಬ್ಬರಿಂದ ಗ್ಯಾಸ್ಕೆಟ್ ಕೆಡಿಸ್ದೇ ಮಾಡೋದು ಕಷ್ಟ.

ಇಷ್ಟ ಆಗ್ದೇ ಇರೋದೂ ಇದೆ. ದುಡ್ಡು ಜಾಸ್ತಿ, ವೋರ್ಟೆಕ್ಕಿಗಿಂತ ತುಂಬಾನೇ ಜಾಸ್ತಿ, ಜೊತೆಗೆ ಪುಶ್‌ರಾಡು, ರಾಕರು, ಪ್ಲಗ್ಗು, ಕವರು ಅಂತ ಬಿಲ್ಲು ಬೆಳೀತಾ ಹೋಗತ್ತೆ, ಹೆಡ್ಡಿನ ಬೆಲೆ ಮಾತ್ರ ನೋಡಿ ಬಜೆಟ್ ಹಾಕ್ಬೇಡಿ. ಕೂಲಂಟ್ ವಿಷಯದಲ್ಲಿ ಅಸಡ್ಡೆ ನಡೆಯಲ್ಲ, ಬರೀ ನೀರು ಹಾಕಿ ಓಡಿಸಿದ್ರೆ ಅಲ್ಯುಮಿನಿಯಂ ಒಳಗಿಂದ ತುಕ್ಕು ತಿಂದ ಹಾಗೆ ಸವೆಯತ್ತೆ, ತುಕ್ಕು ತಡೆಯೋ ಕೂಲಂಟ್ ಯಾವಾಗ್ಲೂ ಇರ್ಬೇಕು. ಪ್ಲಗ್ಗನ್ನ ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಬೇಕು, ಬಿಸಿ ಇರೋವಾಗ ಸ್ಪ್ಯಾನರ್ ಹಾಕಿದ್ರೆ ಥ್ರೆಡ್ಡು ಕಿತ್ಕೊಂಡು ಬರತ್ತೆ. ಹೆಡರ್ ಬೋಲ್ಟುಗಳು ಮೊದಮೊದಲು ಸಡಿಲ ಆಗ್ತವೆ, ನಾಲ್ಕಾರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ತಣ್ಣಗಿರೋವಾಗ್ಲೇ ಎಲ್ಲವನ್ನೂ ಇನ್ನೊಂದು ಸುತ್ತು ಬಿಗಿ ಮಾಡಿ, ಜೋರಾಗಿ ಎಳೀಬೇಡಿ, ಥ್ರೆಡ್ಡು ಅಲ್ಯುಮಿನಿಯಂದು.